ಸಂಸದರ ಸಹಿ ಹಾಕಿದವರು

ನಮ್ಮ ಸೋದರಮಾವ ಒಬ್ಬ ಸಂಸದರ ಆಪ್ತ ಸಹಾಯಕರಾಗಿ ಮೂವತ್ತೊಂದು ವರ್ಷ ದುಡಿದರು. ಆ ಸಂಸದರು ಎಂಟು ಚುನಾವಣೆ ಗೆದ್ದವರು, ಎರಡು ಸಲ ಪಕ್ಷ ಬದಲಿಸಿದವರು, ಒಂದು ಸಲ ಮಂತ್ರಿಯೂ ಆದವರು. ಭಾಷಣ ಸೊಗಸಾಗಿ ಮಾಡುತ್ತಿದ್ದರು, ಸಾವಿನ ಮನೆಗೆ ತಪ್ಪದೆ ಹೋಗುತ್ತಿದ್ದರು. ಕಾಗದಪತ್ರ ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ.

ಮೂರನೇ ಚುನಾವಣೆಯ ಪ್ರಚಾರದಲ್ಲಿ ವೇದಿಕೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವರ ಬಲಗೈ ಮುರಿಯಿತು. ಗೆದ್ದ ಮೇಲೆ ಕಾಗದಗಳ ರಾಶಿಯೇ ಬಂತು. ಕೈ ಸರಿಹೋಗುವವರೆಗೆ ಸಹಿ ನೀನೇ ಹಾಕಿಬಿಡು ಎಂದು ಮಾವನಿಗೆ ಹೇಳಿದರು. ಮಾವ ಹಳೆಯ ಕಾಗದವೊಂದನ್ನು ಎದುರಿಗಿಟ್ಟುಕೊಂಡು ಎರಡು ದಿನ ಅಭ್ಯಾಸ ಮಾಡಿದರು. ಆರು ವಾರಕ್ಕೆ ಪಟ್ಟಿ ಬಿಚ್ಚಿದರು. ಕೈ ಊಟಕ್ಕೆ ಬಂತು, ಮೈಕು ಹಿಡಿಯಲು ಬಂತು, ಜನರತ್ತ ಬೀಸಲು ಬಂತು. ಸಹಿಗೆ ಮಾತ್ರ ಬರಲೇ ಇಲ್ಲ.

ಅಲ್ಲಿಂದ ಮುಂದೆ ಆಸ್ಪತ್ರೆಗೆ ಶಿಫಾರಸು, ಶಾಲೆಗೆ ಶಿಫಾರಸು, ಸಂತಾಪದ ಪತ್ರ, ಎಲ್ಲದರ ಕೆಳಗೂ ಮಾವನದೇ ಕೈ. ಬರಬರುತ್ತಾ ಆ ಸಹಿ ಮೂಲಕ್ಕಿಂತ ಲಕ್ಷಣವಾಯಿತು. ಕೊನೆಯಲ್ಲಿ ಮಾವ ತಮ್ಮದೇ ಒಂದು ಸುಳಿ ಸೇರಿಸಿದ್ದರು. ಒಮ್ಮೆ ಮಗಳ ಅಂಕಪಟ್ಟಿಯ ಮೇಲೂ ಮರೆತು ಅದನ್ನೇ ಎಳೆದುಬಿಟ್ಟರು. ಸಂಸದರೇ ಯಾಕೆ ಸಹಿ ಹಾಕಿದರು ಎಂದು ಹೆದರಿ ಹೆಡ್‌ಮಾಸ್ಟರು ಮನೆಗೆ ಓಡಿಬಂದರಂತೆ. ಅತ್ತೆ ತಿಂಗಳುಗಟ್ಟಲೆ ಇದನ್ನೇ ಹೇಳಿ ಮಾವನ ಕಾಲೆಳೆದರು. ಮಾವನಿಗೆ ಒಳಗೊಳಗೇ ಹೆಮ್ಮೆ.

ಎಂಟನೇ ಚುನಾವಣೆ ಬಂತು. ನಾಮಪತ್ರಗಳ ಪರಿಶೀಲನೆಯ ದಿನ ಎದುರಾಳಿಯ ವಕೀಲ ಹತ್ತು ಹಳೆಯ ಕಾಗದಗಳನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದ. ಇವುಗಳ ಸಹಿಯೇ ಬೇರೆ, ನಾಮಪತ್ರದ ಸಹಿಯೇ ಬೇರೆ, ಆದ್ದರಿಂದ ನಾಮಪತ್ರ ಖೋಟಾ ಎಂಬುದು ಅವನ ವಾದ. ನಾಮಪತ್ರಕ್ಕೆ ಮಾತ್ರ ಸಂಸದರು ಸ್ವಂತ ಕೈಯಿಂದಲೇ ಸಹಿ ಹಾಕಿದ್ದರು. ಅಧಿಕಾರಿ ಖಾಲಿ ಹಾಳೆ ಕೊಟ್ಟು ಅಲ್ಲೇ ಇನ್ನೊಮ್ಮೆ ಹಾಕಿಸಿದರು, ನಾಮಪತ್ರದ್ದಕ್ಕೆ ಸರಿಹೊಂದಿತು. ಹಾಗಾದರೆ ಈ ಹತ್ತು ಯಾರದು ಎಂದು ಕೇಳಿದರು.

"ನಂಗೊತ್ತಿಲ್ಲ. ನನ್ನ ಹೆಸರನ್ನ ಯಾರೋ ದುರುಪಯೋಗ ಮಾಡ್ಕೊಂಡಿದ್ದಾರೆ," ಎಂದರು ಸಂಸದರು. ಮಾವ ಅವರ ಬೆನ್ನ ಹಿಂದೆಯೇ ನಿಂತಿದ್ದರು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಂಸದರ ಕಾಗದಪತ್ರವೆಲ್ಲ ಮಾವನ ಕೈಯಿಂದಲೇ ಹೋಗುತ್ತಿದ್ದುದರಿಂದ ಅಧಿಕಾರಿ ಅವರ ಕಡೆ ತಿರುಗಿದರು. ಇದ್ದದ್ದನ್ನು ಹೇಳಿದರೆ ಸಂಸದರು ಸುಳ್ಳುಗಾರರಾಗಿ ಮರುದಿನದ ಪತ್ರಿಕೆಯಲ್ಲೇ ಅವರ ಚುನಾವಣೆ ಮುಗಿಯುತ್ತಿತ್ತು. ಹೇಳದಿದ್ದರೆ ಖೋಟಾ ಸಹಿಯವನೆಂಬ ಹಣೆಪಟ್ಟಿಯನ್ನು ಮಾವ ಸಾಯುವವರೆಗೆ ಹೊರಬೇಕಿತ್ತು.

"ನಾನೇ ಹಾಕಿದ್ದು ಸಾರ್," ಎಂದರು ಮಾವ.

"ಹಾಕು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

ನಾಮಪತ್ರ ಸಿಂಧುವಾಯಿತು. ವಿಷಯ ಪೊಲೀಸರವರೆಗೆ ಹೋಗದಂತೆ ಸಂಸದರೇ ನೋಡಿಕೊಂಡರು. ಹೋಗಿದ್ದರೆ ಅವರ ಬುಡಕ್ಕೇ ಬರುತ್ತಿತ್ತು. ಎಂಟನೇ ಸಲವೂ ಗೆದ್ದರು, ಹಿಂದಿಗಿಂತ ಹೆಚ್ಚು ಮತಗಳಿಂದ.

ಪರಿಶೀಲನೆಯ ದಿನದಿಂದ ಮನೆಯಲ್ಲೇ ಇದ್ದ ಮಾವ ದಿನಾ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಸಂಸದರಿಂದ ಈಗ ಕರೆ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಿದ್ದರು. ಫಲಿತಾಂಶ ಬಂದ ಮೂರನೇ ದಿನ ಲಕೋಟೆ ಬಂತು. ಕೆಲಸದಿಂದ ತೆಗೆದುಹಾಕಿದ ಆದೇಶ, ಎರಡೇ ಸಾಲು. ಮಾವ ಓದಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಕೆಳಗಿನ ಸಹಿಯನ್ನು ಬಹಳ ಹೊತ್ತು ನೋಡಿದರು.

"ಇದನ್ನಾದ್ರೂ ಅವರೇ ಹಾಕಿದ್ದಾರೆ ನೋಡಿ," ಎಂದರು.