ಎಡಕ್ಕೆ ಎಳೆಯುವ ಸ್ಟೇರಿಂಗ್

ಅಕ್ಕ ಫೋನ್ ಮಾಡಿ, 'ನಿಮ್ಮ ಭಾವ ಊಟದ ತಟ್ಟೆ ತಿರುಗಸಾಕ ಹತ್ಯಾರ' ಅಂದಳು.

ತಲೆಬುಡ ತಿಳಿಯಲಿಲ್ಲ. ಸಂಡೂರಿಗೆ ಹೋಗಿ ಕಣ್ಣಾರೆ ನೋಡಿದೆ. ಉಂಡು ಮುಗಿದರೂ ಭಾವ ಏಳುವುದಿಲ್ಲ. ಸ್ಟೀಲ್ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ. (ತಿರುವು ಬಂದರೆ ಸ್ವಲ್ಪ ವಾಲುತ್ತಾರೆ ಕೂಡ.)

ದೋಣಿಮಲೈ ಇಳಿಜಾರಿನಲ್ಲಿ ಅದಿರಿನ ಲಾರಿ ಓಡಿಸುತ್ತಲೇ ತಲೆ ಬೆಳ್ಳಗಾದವರು ನಮ್ಮ ಭಾವ. ಹೋದ ವರ್ಷ ಕಣ್ಣು ಕತ್ತಲಿಟ್ಟು ಅಂಗಳದಲ್ಲಿ ಬಿದ್ದರು. ಡಾಕ್ಟರು, 'ಇನ್ನ ಯಾವ ಗಾಡೀನೂ ಬ್ಯಾಡ್ರಿ' ಅಂದರು. ಸ್ಕೂಟರೂ ಬಂದ್. ಆಮೇಲೆ ಮನುಷ್ಯ ಹೊಸ್ತಿಲು ದಾಟಿಲ್ಲ. ಗೆಳೆಯರು ಗಾಡಿ ತಂದು ಕರೆದರೆ, 'ಪಕ್ಕದಾಗ ಕುಂತು ಹೋಗೋದು ನನಗ ಬರಂಗಿಲ್ಲ' ಅನ್ನುತ್ತಾರೆ.

'ಏನಾರ ಮಾಡೋ ತಮ್ಮಾ. ಹಿಂಗಾದ್ರ ಕುಂತಲ್ಲೇ ಮುಗದು ಹೋಗ್ತಾರ' ಅಂದಳು ಅಕ್ಕ.

ನಾನು ಹೊಸಪೇಟೆಯಲ್ಲಿ ಹಳೇ ಸಾಮಾನು ಕೊಂಡು ಮಾರಿ ಮೇಲೆ ಬಂದವನು ಅಂತ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಯಾವ ಊರಲ್ಲಿ ಯಾರಿಗೆ ಏನು ಬೇಡವಾಗಿದೆ ಅನ್ನುವುದೇ ನನ್ನ ವಿದ್ಯೆ. ಕಂಪ್ಲಿಯಲ್ಲಿ ಒಬ್ಬರ ಮನೆಗೆ ತೊಟ್ಟಿಲು ಬಂದಿತ್ತು, ಅವರ ರೇಸಿಂಗ್ ಗೇಮಿನ ಸ್ಟೇರಿಂಗ್ ವೀಲಿಗೆ ಜಾಗವಿರಲಿಲ್ಲ. ಕಾರಿನದ್ದೇ ಗಾತ್ರ, ಕಾಲಿಗೆ ಕ್ಲಚ್ಚು, ಬ್ರೇಕು, ಎಲ್ಲ ಇದೆ. ಅಂಗಡಿಯಲ್ಲಿದ್ದ ಒಂದು ಗಟ್ಟಿ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದೆ. (ಸಲಹೆ: ಕರೆಂಟಿನ ಸಾಮಾನನ್ನು ಮಾರುವವರ ಮನೆಯಲ್ಲೇ ಓಡಿಸಿ ನೋಡಿ. ಮಾತು ನಂಬಬೇಡಿ.) ಅವರು ಗೇಮ್ ಹಾಕಿಕೊಟ್ಟರು, ವೀಲ್ ಜೋಡಿಸಿದರು. ಮಸ್ತ್ ಓಡಿತು. ಚೌಕಾಸಿ ಮಾಡಿ, ವೀಲ್ ಕೂರಿಸಿದ್ದ ಟೇಬಲ್ಲನ್ನೂ ಹೇರಿಕೊಂಡು ಬಂದೆ.

ಭಾನುವಾರ ಸಂಡೂರಿನಲ್ಲಿ ಎಲ್ಲ ಜೋಡಿಸಿದೆ. ಭಾವ ಹೆಗಲ ಟವೆಲ್ಲಿನಿಂದ ವೀಲ್ ಒರೆಸಿದರು, ಮುಟ್ಟಿ ಕಣ್ಣಿಗೊತ್ತಿಕೊಂಡರು, ಗಟ್ಟಿಯಾಗಿ ಹಿಡಿದು ಕೂತರು. ಸ್ವಿಚ್ ಹಾಕಿದೆ. ವೀಲ್ ಗುರ್ ಅಂತು.

'ಲೇ, ಎಡಕ್ಕ ಎಳೀತೈತಿ ಇದು' ಅಂದವರೇ ಇನ್ನೂ ಬಿಗಿಯಾಗಿ ಹಿಡಿದರು.

ಕಂಪ್ಯೂಟರು ಮಾತ್ರ ಯಾವ ವೀಲೂ ಇಲ್ಲ ಅಂತು. ಕೇಬಲ್ ಕಿತ್ತು ಬೇರೆ ಕಡೆ ಚುಚ್ಚಿದೆ. ಇಲ್ಲ. ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ಪ್ಲಗ್ಗಿನ ಧೂಳು ಊದಿದೆ. (ಸಂಡೂರಿನ ಕೆಂಪು ಧೂಳು ಎಲ್ಲಿ ಹೋಗಿರುವುದಿಲ್ಲ ಹೇಳಿ?) ಆಗಲೂ ಇಲ್ಲ. ಅದೇ ಕಂಪ್ಯೂಟರ್, ಅದೇ ವೀಲ್. ಕಂಪ್ಲಿಯಲ್ಲಿ ಓಡಿದ್ದು ಸಂಡೂರಿನಲ್ಲಿ ಯಾಕೆ ಓಡಬಾರದು?

'ಬಿಡು ಲೇ, ಇದಕ್ಕೂ ಗೊತ್ತಾಗೈತಿ ನಾನು ಡ್ರೈವರ್ ಅಲ್ಲಂತ' ಅಂದರು ಭಾವ. ನಗುತ್ತಲೇ ಅಂದರು. ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಗಳ ಸದ್ದು ನಿಂತಿತು.

ಕಂಪ್ಲಿಗೆ ಫೋನ್ ಹಚ್ಚಿದೆ. ಅವರು ಕೇಳಿದ್ದು ಒಂದೇ ಮಾತು: 'ಆನ್ ಮಾಡುವಾಗ ವೀಲ್ ಯಾರಾದ್ರೂ ಹಿಡಕೊಂಡಾರೇನ್ರಿ? ಕೈ ತೆಗಸ್ರಿ. ಅದು ತಾನಾ ಎರಡೂ ಕಡೆ ಪೂರಾ ತಿರುಗಿ ತನ್ನ ನಡು ಹುಡುಕ್ಕೋಬೇಕು. ಆಮ್ಯಾಲೆ ಕಂಪ್ಯೂಟರ್ ಒಪ್ಪತೈತಿ.'

ಆಗ ನೆನಪಾಯಿತು. ಕಂಪ್ಲಿಯಲ್ಲಿ ಆನ್ ಮಾಡುವಾಗ ಆ ಮನುಷ್ಯ ಕೈ ಕಟ್ಟಿಕೊಂಡು ನಿಂತಿದ್ದರು, ಇಲ್ಲಿ ಭಾವ ಒಮ್ಮೆಯೂ ಕೈ ಬಿಟ್ಟಿರಲಿಲ್ಲ. ವೀಲ್ ಓಡುತ್ತದಾ ಅಂತ ನೋಡಿದೆನೇ ಹೊರತು, ಮಾರುವವರ ಕೈ ಎಲ್ಲಿದೆ ಅಂತ ನೋಡಲಿಲ್ಲ. (ನನ್ನ ಸಲಹೆಯಲ್ಲಿ ಇದನ್ನೂ ಸೇರಿಸಿಕೊಳ್ಳಿ.)

ಭಾವನಿಗೆ ಹೇಳಿದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. 'ಗಾಡಿ ಎಳಿಯೂಮುಂದ ಕೈ ತೆಗಿ ಅಂತೀಯಲ್ಲ. ನಿನಗ ಮರೆತು ಹೋತೇನು?'

ಮರೆಯುವುದುಂಟಾ? ನನಗಿನ್ನೂ ಮೀಸೆ ಮೂಡುತ್ತಿದ್ದ ಕಾಲ. ಇಳಿಜಾರಿನ ಚಹಾ ಅಂಗಡಿಯಲ್ಲಿ ಡ್ರೈವರುಗಳಿಂದ ಸವೆದ ಟೈರು ಕೊಂಡು, ಭಾವನ ಲಾರಿಯಲ್ಲೇ ಹೊಸಪೇಟೆಗೆ ಸಾಗಿಸುತ್ತಿದ್ದೆ. ನನ್ನ ಮೊದಲ ವ್ಯಾಪಾರ ಅದು. ಎಂಜಿನ್ ಪಕ್ಕದ ಬಿಸಿ ಸೀಟು, ಕನ್ನಡಿಗೆ ಕಟ್ಟಿದ ನಿಂಬೆಹಣ್ಣು, ಹಲ್ಲಿನಲ್ಲೂ ಕೆಂಪು ಧೂಳು. ಒಂದು ದಿನ ತುಂಬಿದ ಲೋಡು ಇಳಿಯುವಾಗ ಮುಂದಿನ ಟೈರು ಒಡೆಯಿತು. ಸ್ಟೇರಿಂಗ್ ಹುಚ್ಚು ಹೋರಿಯಂತೆ ಕಂದಕದ ಕಡೆಗೆ ಎಳೆಯಿತು. ಭಾವ ಹಲ್ಲು ಕಚ್ಚಿ ಹಿಡಿದರು. ಲಾರಿ ನಿಂತ ಮೇಲೂ ಅವರ ಬೆರಳು ಬಿಚ್ಚಿಕೊಳ್ಳಲಿಲ್ಲ, ನಾನೇ ಒಂದೊಂದಾಗಿ ಬಿಡಿಸಿದೆ. ಅವತ್ತು ಅವರು ಹಿಡಿದಿದ್ದಕ್ಕೆ ಇವತ್ತು ಈ ಅಂಕಣ ಬರೆಯುತ್ತಿದ್ದೇನೆ.

ಅಂಥವರಿಗೆ ಏನು ಹೇಳುವುದು? ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತಳು.

'ನಿಮ್ಮ ಲಾರಿ ಇಲ್ಲೇ ನಡುಮನ್ಯಾಗ ನಿಂತೈತ್ರಿ. ಎಲ್ಲಿಗೆ ಉರುಳತೈತಿ? ತೆಗೀರಿ ಕೈ.'

ಭಾವ ಕೈ ತೆಗೆದರು. ಪೂರ್ತಿ ಅಲ್ಲ, ನಾಲ್ಕು ಬೆರಳಿನಷ್ಟು ದೂರ, ಬಿದ್ದರೆ ಹಿಡಿಯಲು ತಯಾರಾಗಿ. ಸ್ವಿಚ್ ಹಾಕಿದೆ. ವೀಲ್ ತಾನೇ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಬಂದು ನಟ್ಟನಡುವೆ ನಿಂತಿತು. ಪರದೆಯ ಮೇಲೆ ಅದರ ಹೆಸರು ಮೂಡಿತು.

ಆಮೇಲಿನದ್ದು ನೀವು ನೋಡಬೇಕಿತ್ತು. ಯಾವುದೋ ದೇಶದ ರೇಸ್ ಟ್ರ್ಯಾಕು, ಗಾಳಿಯಂತೆ ಹೋಗುವ ಕಾರುಗಳು, ಅವುಗಳ ನಡುವೆ ಎಡ ಬದಿ ಹಿಡಿದು ಲೋಡಿನ ಲಾರಿಯ ಸ್ಪೀಡಿನಲ್ಲಿ ನಮ್ಮ ಭಾವ. ಪ್ರತಿ ತಿರುವಿಗೂ ಹಾರ್ನ್ ಹುಡುಕುತ್ತಾರೆ. ಎಲ್ಲರಿಗಿಂತ ಕೊನೆಗೆ ಬಂದು ನಿಲ್ಲಿಸಿ, 'ಹೊಂಟಲ್ಲೇ ಬಂದ್ವಲ್ಲೋ. ಲೋಡ್ ಎಲ್ಲಿ ಇಳಸೋದು?' ಅಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, 'ಆ ಇಳಿಜಾರಿಗೆ ಒಂದು ಚಹಾ ಅಂಗಡಿ ಇರಬೇಕಾಗಿತ್ತು' ಅಂದರು.

'ಖರೇ ಅಂಗಡಿಗೇ ಹೋಗೂಣ ನಡ್ರಿ. ತಮ್ಮ ಓಡಸ್ತಾನ' ಅಂದಳು ಅಕ್ಕ. ಬಾಗಿಲಲ್ಲಿ ಅವರ ಚಪ್ಪಲಿ ಆಗಲೇ ಜೋಡಿಸಿಟ್ಟಿದ್ದಳು.

ಭಾವ ತಮ್ಮ ಎರಡೂ ಅಂಗೈ ನೋಡಿಕೊಂಡರು. ಆಮೇಲೆ ಎದ್ದರು.

ನನ್ನ ಹಳೇ ವ್ಯಾನಿನ ಎಡ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಕೈ ತೊಡೆಯ ಮೇಲೆ, ಕಾಲು ಮಾತ್ರ ಇಲ್ಲದ ಬ್ರೇಕ್ ಒತ್ತುತ್ತಲೇ ಇತ್ತು. ಊರು ದಾಟಿದ ಮೇಲೆ ಬಾಯಿ ಬಿಟ್ಟರು. 'ಲೇ, ನಿನ್ನ ಗಾಡಿ ಎಡಕ್ಕ ಎಳೀತೈತಿ. ಬರೋ ಭಾನುವಾರ ತಗೊಂಬಾ, ಇನ್ನೊಮ್ಮೆ ಕುಂತು ನೋಡತೀನಿ.'

ನೀವೇ ಹೇಳಿ, ಈ ವಾರ ಅದನ್ನು ಗ್ಯಾರೇಜಿಗೆ ಬಿಟ್ಟು ಸರಿ ಮಾಡಿಸುವಷ್ಟು ದಡ್ಡನಾ ನಾನು?