ನಂತೂರಿಗೆ ಹೋಗದ ದಾರಿ

ಗಿರಿಜಕ್ಕ, ಆ ದಿನ ನಾನು ನಿಮ್ಮನ್ನು ನಂತೂರಿನ ನಿಮ್ಮ ತಾಯಿಯ ಮನೆಗೆ ಕರೆದುಕೊಂಡು ಹೋಗಲೇ ಇಲ್ಲ. ಊರಂಚಿನ ಪಾರ್ಕಿನಲ್ಲಿ, ನೀರು ಹರಿಯುವ ತೋಡಿನ ಬದಿಯ ದಾರಿಯಲ್ಲಿ ಸುತ್ತು ಹಾಕಿಸಿ ಮನೆಗೆ ಮರಳಿಸಿದೆ. ನೀವು ತೀರಿಕೊಂಡ ಮೇಲೆ ಇದನ್ನು ಹೇಳುತ್ತಿದ್ದೇನೆ. ಬದುಕಿದ್ದಾಗ ಧೈರ್ಯವಿರಲಿಲ್ಲ ಎಂದಲ್ಲ—ಹೇಳಬೇಕೆಂದು ಅನಿಸಲೇ ಇಲ್ಲ.

ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಸಿಡುಬಿನಲ್ಲಿ ನಿಮ್ಮ ಕಣ್ಣು ಹೋಗಿ ವರ್ಷವಾಗಿತ್ತು. ತಾಯಿಗೆ ಸೀಕು ಜೋರಾಗಿದೆ, ಮಗಳನ್ನು ನೋಡಬೇಕಂತೆ ಎಂದು ಸುದ್ದಿ ಬಂದಾಗ ಭಾವನಿಗೆ ಕಚೇರಿ ಬಿಟ್ಟು ಬರಲು ಪುರಸೊತ್ತಿರಲಿಲ್ಲ. ಅತ್ತೆ ನನ್ನನ್ನು ಜೊತೆಗೆ ಕಳುಹಿಸಿದರು—ನೀವು ಹಿರಿಯ ಸೊಸೆ, ನಾನು ಕಿರಿಯವಳು ತಾನೆ. ಕಣ್ಣಿಲ್ಲದಿದ್ದರೂ ಆ ಮನೆಯಲ್ಲಿ ನೀವೇ ಮೇಲು. ನಾನು ಮಾಡಿದ ಸಾರನ್ನು ಅತ್ತೆ ನಿಮಗೆ ಕೊಟ್ಟು ರುಚಿ ಕೇಳುತ್ತಿದ್ದರು. ಆ ಹೊಟ್ಟೆಕಿಚ್ಚು—

ನಡೆಯುತ್ತಾ ಕೊಟ್ಟಾರದ ಪೇಟೆ ದಾಟುವಾಗಲೇ ಬಿಸಿಲೇರಿತ್ತು. ನಾನು ಪಾರ್ಕಿನೊಳಗೆ ತಿರುಗಿದೆ. ಮಕ್ಕಳೂ ಆಯಾಸವಿಲ್ಲದೆ ನಡೆಯುವ ದಾರಿ ಅದು. ತೋಡಿನ ಒಂದು ದಂಡೆಯಲ್ಲಿ ಹೋಗಿ, ಮರದ ಸಂಕ ದಾಟಿ, ಇನ್ನೊಂದು ದಂಡೆಯಲ್ಲಿ ಹೊರಟಲ್ಲಿಗೇ ಬರುತ್ತದೆ. ನೀವು ಒಂದು ಕೈಯಲ್ಲಿ ನನ್ನ ಭುಜ ಹಿಡಿದು, ಇನ್ನೊಂದರಲ್ಲಿ ಅಮ್ಮನಿಗೆಂದು ಮಾಡಿದ ಅರಳುಂಡೆಯ ಡಬ್ಬಿ ಹಿಡಿದು ಬರುತ್ತಿದ್ದಿರಿ.

“ಇಲ್ಲಿ ನೀರಿನ ಶಬ್ದ ಉಂಟಲ್ಲ?” ಎಂದಿರಿ.

“ಹೊಸ ದಾರಿ ಅಕ್ಕ, ಹತ್ತಿರ ಆಗ್ತದೆ.”

ದೂರ ನಡೆದಂತೆ ಅನಿಸಬೇಕಲ್ಲ—ಮತ್ತೊಂದು ಸುತ್ತು ಹಾಕಿಸಿದೆ. ಕೊನೆಗೆ ತೋಟದವನು ಗುದ್ದಲಿ, ಬುಟ್ಟಿ ಇಡುವ ಕೋಣೆಯ ಮುಂದೆ ನಿಲ್ಲಿಸಿ, ಬಾಗಿಲು ತಟ್ಟಿ, ನಿಮ್ಮ ಬೆರಳನ್ನು ಬೀಗದ ಮೇಲಿಟ್ಟೆ.

“ಮನೆಗೆ ಬೀಗ ಹಾಕಿದ್ದಾರೆ.”

“ಸೀಕಿನವರು ಎಲ್ಲಿಗೆ ಹೋಗ್ತಾರೆ ಮಾರಾಯ್ತಿ? ಪಕ್ಕದ ಮನೆಯಲ್ಲಿ ಕೇಳು.”

ಸ್ವಲ್ಪ ದೂರ ಹೋಗಿ ನಿಂತು ಮರಳಿ ಬಂದೆ. ಅವರಿಗೂ ಗೊತ್ತಿಲ್ಲವಂತೆ ಎಂದಿದ್ದರೆ ಸಾಕಿತ್ತು. ಆದರೆ—

“ನಿಮ್ಮ ಅಣ್ಣ ಅಮ್ಮನನ್ನು ಬೇರೆ ಊರಿಗೆ ಕರ್ಕೊಂಡು ಹೋದರಂತೆ. ನಿಮಗೆ ತಿಳಿಸುವುದು ಬೇಡ ಅಂತ ಅಮ್ಮನೇ ಹೇಳಿದ್ದಂತೆ. ಕುರುಡಿ ಬಂದು ಕೂತರೆ ನೋಡಿಕೊಳ್ಳುವುದು ಯಾರು ಅಂತ.”

ನಿಮ್ಮ ಮುಖವನ್ನೇ ನೋಡಿದೆ. ನೋಡಲಿಕ್ಕೆಂದೇ ಹಾಗೆ ಹೇಳಿದ್ದೆ. ನೀವು ಅಳಲಿಲ್ಲ.

“ಹೋಗುವ,” ಎಂದಿರಿ.

ಆ ತಿಂಗಳೇ ನಿಮ್ಮ ಅಮ್ಮ ತೀರಿಕೊಂಡರು. ಸುದ್ದಿ ಹೇಳಿ ಕರೆದೊಯ್ಯಲು ಬಂದ ಅಣ್ಣನಿಗೆ ನೀವು ಒಳಗಿನಿಂದಲೇ, “ನಾನು ಬರುವುದಿಲ್ಲ,” ಎಂದಿರಿ. ಅವರು ಜಗಲಿಯಲ್ಲಿ ನನ್ನನ್ನು ಕೇಳಿದರು:

“ಅಮ್ಮ ಬಾಗಿಲ ಹತ್ತಿರ ಹಾಸಿಗೆ ಹಾಕಿಸಿಕೊಂಡು ಇವಳನ್ನೇ ಕಾದದ್ದು. ಇವಳಿಗೆ ಎಂತ ಕೋಪ?”

ಹೆಣ ಇನ್ನೂ ನಂತೂರಿನ ಮನೆಯಲ್ಲಿತ್ತು. ನಾನು ಒಂದು ಮಾತು ಹೇಳಿದ್ದರೆ ನೀವು ಎದ್ದು ಓಡುತ್ತಿದ್ದಿರಿ—ಕಣ್ಣಿಲ್ಲದೆಯೂ.

“ನನಗೆ ಗೊತ್ತಿಲ್ಲ,” ಎಂದೆ.

ಅವರು ಮತ್ತೆ ಬರಲಿಲ್ಲ. ಆಮೇಲಿನ ಅಷ್ಟು ವರ್ಷವೂ ನೀವು ಬಂದವರೆದುರು, “ನನಗೆ ನನ್ನವರು ಅಂತ ಇವಳೊಬ್ಬಳೇ,” ಎನ್ನುತ್ತಿದ್ದಿರಿ. ಅದನ್ನು ಕೇಳುವಾಗ ನನಗೆ ನಾಚಿಕೆಯಾಗುತ್ತಿತ್ತು ಎಂದು ಬರೆದರೆ ಅದೂ ಸುಳ್ಳು. ಹಿತವಾಗುತ್ತಿತ್ತು, ಅಕ್ಕ.