ಹಳ್ಳದ ನೀರಿನ ಅವರೆಕಾಯಿ

ಆಗಿನ್ನೂ ಹಾರೋಹಳ್ಳಿ ಸುತ್ತ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತುತ್ತಿದ್ದ ಕಾಲ. ಪಕ್ಕದಲ್ಲೇ ಇದ್ದ ನಮ್ಮ ಪುಟ್ಟ ಪೇಟೆಯಲ್ಲಿ ಮಧ್ಯಾಹ್ನವಾದರೆ ನಾಯಿಗಳು ನಡುಬೀದಿಯಲ್ಲೇ ಮಲಗುತ್ತಿದ್ದವು. ಬಂದ ನೆಂಟರೆಲ್ಲ "ಎಷ್ಟು ನೆಮ್ಮದಿಯ ಊರು!" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನಾನು ಈಗಲೂ ಎದ್ದು ಹೋಗುತ್ತೇನೆ.

ಅವರೆ ಸುಗ್ಗಿಯಲ್ಲಿ ಬೀದಿಯ ಹೆಂಗಸರೆಲ್ಲ ಸಂಜೆ ನಮ್ಮ ಜಗಲಿ ಮೇಲೆ ಕೂತು ನೆನೆಸಿದ ಕಾಳನ್ನು ಹಿತಕಿ ಸಿಪ್ಪೆ ಬಿಡಿಸುತ್ತಿದ್ದರು. ಹಾರಿದ ಬೇಳೆಯನ್ನು ಗಾಳಿಯಲ್ಲೇ ಹಿಡಿಯುವುದು ನಮ್ಮ ಆಟ. ಬೆರಳಿಗಂಟಿದ ಸೊಗಡು ತೊಳೆದರೂ ಹೋಗುತ್ತಿರಲಿಲ್ಲ, ಅದನ್ನೇ ಮೂಸುತ್ತ ನಿದ್ದೆ ಹೋಗುತ್ತಿದ್ದೆವು. ಹೊಲವಿದ್ದವರು ಮೊದಲ ಕೊಯ್ಲಿನ ಕಾಯನ್ನು ನೆರೆಮನೆಗಳಿಗೆ ಕೊಡಲೇಬೇಕು. ಕೊಟ್ಟದ್ದನ್ನು ಯಾರೂ ಬೇಡವೆನ್ನುವಂತಿರಲಿಲ್ಲ.

ಎದುರುಮನೆ ಜಯಮ್ಮತ್ತೆಯ ಹೊಲ ಹಳ್ಳದ ಪಕ್ಕದಲ್ಲಿತ್ತು. ಕಾರ್ಖಾನೆಯೊಂದು ಕೊಳಕು ನೀರು ಬಿಡತೊಡಗಿದ ಮೇಲೆ ಹಳ್ಳ ಒಂದು ದಿನ ನೀಲಿ, ಇನ್ನೊಂದು ದಿನ ಕಾಫಿ ಬಣ್ಣ. ಮೇಲೆ ನೊರೆ, ಕೊಳೆತ ಮೊಟ್ಟೆಯ ನಾತ. ಆ ನೀರಿಗೇ ಮೋಟರ್ ಇಟ್ಟು ಅತ್ತೆ ಅವರೆ ಬೆಳೆದಳು. ಕಾಯಿ ನೋಡಲು ಮೈತುಂಬಿಕೊಂಡಿತ್ತು, ಮೂಸಿದರೆ ಸೀಮೆಎಣ್ಣೆ. ತನ್ನ ಮನೆಗೆ ಮಾತ್ರ ಮರಳವಾಡಿ ಕಡೆಯ ಕಾಯಿ ಕೊಂಡು ತರುತ್ತಿದ್ದಳು. ಬೀದಿಗೆಲ್ಲ ಗೊತ್ತಿತ್ತು.

ಆ ವರ್ಷವೂ ಅತ್ತೆ ನಮ್ಮ ಮನೆಗೆ ಬಿದಿರು ಪುಟ್ಟಿ ತುಂಬ ಕಾಯಿ ತಂದಿಟ್ಟಳು. "ಹೊಸ ಕಾಯಿ ಕಣವ್ವ, ಇದಕಿದ ಬೇಳೆ ಸಾರ್ ಮಾಡು."

ಅವ್ವ ಹಲ್ಲು ಕಿರಿದು ತಗೊಂಡಳು. ಅಪ್ಪನಿಗೆ ಕಾರ್ಖಾನೆ ಗೇಟಿನ ಕೆಲಸ ಕೊಡಿಸಿದವನು ಜಯಮ್ಮತ್ತೆಯ ತಮ್ಮ. ಆದರೆ ಅತ್ತೆ ಹೋದ ಮೇಲಾದರೂ ಅದನ್ನು ತಿಪ್ಪೆಗೆ ಸುರಿಯಬಹುದಿತ್ತಲ್ಲ? ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ ನೀಲಮ್ಮಕ್ಕನಿಗೆ ಕೊಟ್ಟಳು! ಗಂಡನ ಕೆಲಸಕ್ಕೆಂದು ಬಿಜಾಪುರದ ಕಡೆಯಿಂದ ಬಂದಿದ್ದವಳು, ದಿನಾ ನನಗೆ ಜಡೆ ಹಾಕುತ್ತಿದ್ದವಳು, ತುಂಬಿದ ಬಸುರಿ.

"ಭಾಳ ಬಯಕಿ ಆಗಿತ್ರೀ ಅಕ್ಕಾರ" ಎಂದು ನೀಲಮ್ಮಕ್ಕ ಕಣ್ಣರಳಿಸಿದಳು.

ನನಗೆ ತಡೆಯಲಾಗಲಿಲ್ಲ. "ತಿನ್ಬ್ಯಾಡ ಕಣಕ್ಕ, ಹಳ್ಳದ್ ನೀರಿಂದು ಅದು. ಜಯಮ್ಮತ್ತೇನೇ ತಿನ್ನಕಿಲ್ಲ."

ಅವ್ವ ನನ್ನ ತೊಡೆ ಚಿವುಟಿದ ಬಿರುಸಿಗೆ ಚರ್ಮ ಕಿತ್ತು ಬಂತು. ನೀಲಮ್ಮಕ್ಕ ಪುಟ್ಟಿ ಎತ್ತಿಕೊಂಡು ನೇರ ಜಗಲಿಗೆ ಬಂದು, ಜಯಮ್ಮತ್ತೆಯೂ ಸೇರಿ ಕೂತಿದ್ದ ಹೆಂಗಸರ ನಡುವೆ ಕುಕ್ಕಿದಳು.

"ನೀವು ತಿನ್ನದ್ದನ್ನ ಬಸುರಿಗೆ ಕೊಡ್ತೀರೇನ್ರೀ? ಒಬ್ಬರಾದ್ರೂ ಹೇಳಬಾರದೇನ್ರೀ?"

ಎಲ್ಲರೂ ಕಾಳು ಹಿತಕುತ್ತಲೇ ಇದ್ದರು. ಜಯಮ್ಮತ್ತೆ ಅವಳನ್ನು ನೋಡಲೂ ಇಲ್ಲ, ಹಿಂದೆಯೇ ಓಡಿಬಂದ ಅವ್ವನನ್ನು ಕೇಳಿದಳು: "ಎಂಥೋರ್ನ ಮಡಿಕ್ಕೊಂಡಿದ್ದೀಯೆ ಮನೇಲಿ?"

ಆ ವಾರವೇ ಅವ್ವ ಕೋಣೆ ಖಾಲಿ ಮಾಡಿಸಿದಳು. ಆ ಬಸುರಿ ಟ್ರಂಕಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದರೆ ಒಂದು ಮನೆಯಿಂದಲೂ ಒಂದು ಲೋಟ ನೀರು ಬರಲಿಲ್ಲ. "ಸಣ್ಣೂರು ಕಣೆ, ಯಾಕೆ ನಿಷ್ಠುರ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಥೂ!

ಈಗ ಆ ಹೊಲದಲ್ಲಿ ಗೋಡೌನಿದೆ. ಜಗಲಿ ಒಡೆದು ಕಬ್ಬಿಣದ ಗೇಟು ಹಾಕಿದ್ದಾರೆ, ಬೇಳೆ ಹಿತಕಿದ್ದೇ ಪ್ಲಾಸ್ಟಿಕ್ ಕವರಿನಲ್ಲಿ ಸಿಗುತ್ತದೆ. ಜೊತೆಗೆ ಆಡಿದವರು ಸಿಕ್ಕಾಗ ಆ ಸಂಜೆಗಳು ಹೋದವಲ್ಲ ಎಂದು ಹಲುಬುತ್ತಾರೆ. ಹೋದರೆ ಹೋಗಲಿ. ನನಗೆ ಊರಿನ ಲೆಕ್ಕದಲ್ಲಿ ಕಳೆದುಹೋದವಳು ಒಬ್ಬಳೇ, ಅವಳಿಗೆ ಗಂಡು ಹುಟ್ಟಿತೋ ಹೆಣ್ಣೋ ಎಂಬುದೂ ತಿಳಿಯದು. ಮೊನ್ನೆ ಊರಿಗೆ ಹೋದಾಗ, ನೀಲಮ್ಮಕ್ಕನ ಸುದ್ದಿ ಏನಾದರೂ ಗೊತ್ತೇ ಎಂದು ಅವ್ವನನ್ನು ಕೇಳಿದೆ.

ಅವ್ವ ಟೀವಿಯಿಂದ ಕಣ್ಣು ತೆಗೆಯದೆ ಅಂದಳು, "ಯಾವ್ ನೀಲಮ್ಮ?"